ಸೋಂಕಿನ ಲೆಕ್ಕದಲ್ಲಿ ಸೇರದ ಮಕ್ಕಳು

ಬೆಂಗಳೂರು: ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವರದಿಯಾಯಿತು. ಅಲ್ಲಿಂದ ಮುಂದೆ ಎರಡು ವರ್ಷ ಕಾಲ ಆರೋಗ್ಯ ಇಲಾಖೆ ಸಂಜೆಯ ಹೊತ್ತಿಗೆ ಹೊರಡಿಸುತ್ತಿದ್ದ ಪ್ರಕಟಣೆಯನ್ನು ರಾಜ್ಯದ ಜನ ಉಸಿರು ಬಿಗಿಹಿಡಿದು ಓದಿದರು. ಜಿಲ್ಲಾವಾರು ಸೋಂಕಿತರು, ಗುಣಮುಖರು, ಮೃತರು, ತೀವ್ರ ನಿಗಾ ಘಟಕದಲ್ಲಿರುವವರು ಎಂದು ಎಲ್ಲಕ್ಕೂ ಒಂದೊಂದು ಅಂಕಣವಿತ್ತು. ಆದರೆ ಕೊರೊನಾ ತಗಲದೆಯೂ ಕೊರೊನಾದ ಕಾರಣಕ್ಕೇ ಕಷ್ಟಕ್ಕೆ ಸಿಲುಕಿದವರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅಂಥವರಲ್ಲಿ ಮಕ್ಕಳ ಪಾಲು ದೊಡ್ಡದು.

ಈ ಸೋಂಕು ಮಕ್ಕಳನ್ನು ಅಷ್ಟಾಗಿ ಕಾಡಲಿಲ್ಲ ಎಂಬುದು ಆರಂಭದಿಂದಲೂ ಎಲ್ಲರೂ ಹೇಳಿಕೊಂಡ ಸಮಾಧಾನ. ಸೋಂಕಿನ ಮಟ್ಟಿಗೆ ಆ ಮಾತು ಬಹುಪಾಲು ನಿಜವೂ ಹೌದು. ಆದರೆ ರಕ್ತದ ಕ್ಯಾನ್ಸರ್, ಟೈಪ್ 1 ಮಧುಮೇಹ, ಕ್ಷಯ, ಹುಟ್ಟಿನಿಂದ ಬಂದ ಹೃದ್ರೋಗ ಇವು ಲಾಕ್‌ಡೌನ್ ಘೋಷಣೆಯಾಯಿತೆಂದು ರಜೆ ಹಾಕುವ ಕಾಯಿಲೆಗಳಲ್ಲ. ಪ್ರತಿ ವರ್ಷ ಬರುವಷ್ಟೇ ಮಕ್ಕಳಿಗೆ ಅವು ಆ ವರ್ಷವೂ ಬಂದವು. ಆಸ್ಪತ್ರೆಯ ಬಾಗಿಲಿಗೆ ಬಂದ ಮಕ್ಕಳ ಸಂಖ್ಯೆ ಮಾತ್ರ ಇಳಿಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಏನಾಯಿತು ಎಂಬುದು ಐದು ವರ್ಷಗಳಾಚೆಯೂ ಕೇಳಲೇಬೇಕಾದ ಪ್ರಶ್ನೆಯಾಗಿದೆ.

ಮೊದಲ ಎಚ್ಚರಿಕೆ ಬಂದದ್ದು ಇಟಲಿಯಿಂದ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಮಕ್ಕಳ ತಜ್ಞರು ‘ಲ್ಯಾನ್ಸೆಟ್’ ಸಮೂಹದ ನಿಯತಕಾಲಿಕವೊಂದಕ್ಕೆ ಪತ್ರವೊಂದನ್ನು ಬರೆದರು. ಮಾರ್ಚ್ ಕೊನೆಯ ಒಂದೇ ವಾರದಲ್ಲಿ, ಐದು ಆಸ್ಪತ್ರೆಗಳಲ್ಲಿ, ತಡವಾಗಿ ಬಂದ 12 ಮಕ್ಕಳ ವಿವರ ಅದರಲ್ಲಿತ್ತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ನಾಲ್ವರು ಉಳಿಯಲಿಲ್ಲ. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತು ಎಂಬ ಭಯ ಹೆತ್ತವರನ್ನು ಮನೆಯಲ್ಲೇ ಕಟ್ಟಿಹಾಕಿತ್ತು. ಕೆಲವು ಕುಟುಂಬಗಳು ದೂರವಾಣಿಯಲ್ಲಿ ವೈದ್ಯರನ್ನು ಸಂಪರ್ಕಿಸಿದ್ದವು; ಒಂದೋ ವೈದ್ಯರು ಸಿಗಲಿಲ್ಲ, ಇಲ್ಲವೇ ಆಸ್ಪತ್ರೆಗೆ ಬರಬೇಡಿ ಎಂಬ ಸಲಹೆ ಸಿಕ್ಕಿತು. ಆ ದಿನಗಳಲ್ಲಿ ಮಕ್ಕಳ ತುರ್ತು ವಿಭಾಗಕ್ಕೆ ಬರುವವರ ಸಂಖ್ಯೆ ಹಿಂದಿನ ವರ್ಷಗಳಿಗಿಂತ ಶೇ 73ರಿಂದ 88ರಷ್ಟು ಕುಸಿದಿತ್ತು.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅದೇ ಏಪ್ರಿಲ್‌ನಲ್ಲಿ ಮಕ್ಕಳ ತಜ್ಞರ ನಡುವೆ ಒಂದು ಸಮೀಕ್ಷೆ ನಡೆಯಿತು. ತುರ್ತು ವಿಭಾಗಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಮೂರರಲ್ಲೊಬ್ಬರು ತಡವಾಗಿ ಬಂದ ಮಕ್ಕಳನ್ನು ಕಂಡಿದ್ದಾಗಿ ತಿಳಿಸಿದರು. ಆ ಮಕ್ಕಳ ಕಾಯಿಲೆಗಳ ಪಟ್ಟಿಯಲ್ಲಿ ಮೊದಲಿಗೆ ನಿಂತದ್ದು ಮಧುಮೇಹ.

ಒಂದು ಹನಿ ರಕ್ತದ ಪರೀಕ್ಷೆ

ಮಧುಮೇಹವೇ ಏಕೆ ಮೊದಲಿಗೆ ಬಂತು ಎಂಬುದನ್ನು ತುಸು ವಿವರವಾಗಿ ನೋಡಬೇಕು. ನಮ್ಮಲ್ಲಿ ಸಕ್ಕರೆ ಕಾಯಿಲೆ ಎಂದರೆ ನಲವತ್ತು ದಾಟಿದವರದು ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಮಕ್ಕಳಲ್ಲಿ ಕಾಣಿಸುವ ಟೈಪ್ 1 ಮಧುಮೇಹದ ಬಗೆ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಮಗುವಿಗೆ ವಿಪರೀತ ಬಾಯಾರಿಕೆಯಾಗುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತದೆ, ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಅದನ್ನು ಆರಂಭಿಸುತ್ತದೆ, ಚೆನ್ನಾಗಿ ಉಂಡರೂ ಸೊರಗುತ್ತದೆ. ಈ ಹಂತದಲ್ಲಿ ಬೆರಳ ತುದಿಯ ಒಂದು ಹನಿ ರಕ್ತ, ಒಂದು ಗ್ಲುಕೋಮೀಟರ್, ಒಂದು ನಿಮಿಷ ಇದ್ದರೆ ಕಾಯಿಲೆ ಪತ್ತೆಯಾಗುತ್ತದೆ. ಇನ್ಸುಲಿನ್ ಆರಂಭಿಸಿದರೆ ಮಗು ಶಾಲೆಗೆ ಹೋಗುತ್ತದೆ, ಆಡುತ್ತದೆ, ಬೆಳೆಯುತ್ತದೆ.

ಕೆಲವು ದಿನ ಇಲ್ಲವೇ ವಾರ ತಡವಾದರೆ ಚಿತ್ರವೇ ಬದಲಾಗುತ್ತದೆ. ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ರಕ್ತದಲ್ಲಿ ಆಮ್ಲ ಶೇಖರವಾಗುತ್ತದೆ. ಕೀಟೋಅಸಿಡೋಸಿಸ್ ಎಂದು ವೈದ್ಯರು ಕರೆಯುವ ಈ ಸ್ಥಿತಿಯಲ್ಲಿ ಮಗುವಿಗೆ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಮಿದುಳಿನಲ್ಲಿ ಊತವುಂಟಾದರೆ ಪ್ರಾಣಕ್ಕೇ ಅಪಾಯ. 2020ರಲ್ಲಿ ಏದುಸಿರು ಬಿಡುತ್ತಿರುವ ಮಗುವನ್ನು ಕಂಡವರಿಗೆ ಮೊದಲು ಹೊಳೆಯುತ್ತಿದ್ದದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ. ಮೂಗಿನ ದ್ರವ ಪರೀಕ್ಷೆಗೆ ಹೋಗುತ್ತಿತ್ತು. ಬೆರಳ ತುದಿಯ ರಕ್ತವನ್ನು ನೋಡುವುದು ಆಮೇಲಿನ ಮಾತಾಗುತ್ತಿತ್ತು.

ಜರ್ಮನಿಯಲ್ಲಿ ಹೊಸದಾಗಿ ಟೈಪ್ 1 ಮಧುಮೇಹ ಪತ್ತೆಯಾದ ಮಕ್ಕಳ ವಿವರ ರಾಷ್ಟ್ರಮಟ್ಟದ ದಾಖಲೆಯಲ್ಲಿ ಸೇರುತ್ತದೆ. ಹಾಗಾಗಿ ಅಲ್ಲಿ ಲೆಕ್ಕ ಸಿಕ್ಕಿತು. 2020ರ ಮಾರ್ಚ್ 13ರಿಂದ ಮೇ 13ರವರೆಗೆ ಪತ್ತೆಯಾದ 532 ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 44.7ರಷ್ಟು ಮಂದಿ ಕೀಟೋಅಸಿಡೋಸಿಸ್ ಸ್ಥಿತಿಯಲ್ಲೇ ಆಸ್ಪತ್ರೆ ತಲುಪಿದ್ದರು. ಹಿಂದಿನ ವರ್ಷ ಇದೇ ಅವಧಿಯಲ್ಲಿ ಈ ಪ್ರಮಾಣ ಶೇ 24.5 ಇತ್ತು. ಆರು ವರ್ಷದೊಳಗಿನ ಮಕ್ಕಳಲ್ಲಿ ಏರಿಕೆ ಇನ್ನೂ ಕಡಿದಾಗಿತ್ತು: ಶೇ 18.4ರಿಂದ ಶೇ 51.9ಕ್ಕೆ. ಜರ್ಮನಿಯ ಆಸ್ಪತ್ರೆಗಳಲ್ಲಿ ಆಗ ಹಾಸಿಗೆಗಳ ಕೊರತೆ ಇರಲಿಲ್ಲ, ವೈದ್ಯರ ಕೊರತೆಯೂ ಇರಲಿಲ್ಲ. ಮಗುವನ್ನು ಕರೆತರುವುದೊಂದೇ ತಡವಾಗಿತ್ತು. ಹಾಸಿಗೆ ಇದ್ದೂ ಜರ್ಮನಿಯಲ್ಲಿ ಹೀಗಾದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರ ಹುದ್ದೆ ಭರ್ತಿಯಾದರೆ ಅದೇ ಭಾಗ್ಯ ಎನ್ನುವ ಊರುಗಳಲ್ಲಿ ಏನಾಗಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಊಹಿಸಬೇಕಾಗಿದೆ ಎಂಬುದೇ ಇಲ್ಲಿನ ತೊಡಕು. ಭಾರತದಲ್ಲಿ ಟೈಪ್ 1 ಮಧುಮೇಹವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿಯಮವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಿಂದ ಯುವಜನರ ಮಧುಮೇಹ ದಾಖಲಾತಿಯೊಂದನ್ನು ನಡೆಸಿದೆ, 2022ರಲ್ಲಿ ಚಿಕಿತ್ಸಾ ಮಾರ್ಗಸೂಚಿಯನ್ನೂ ಹೊರತಂದಿದೆ. ಆದರೆ ಆ ದಾಖಲಾತಿಯಲ್ಲಿ ಸೇರುವುದು ಆಯ್ದ ಕೇಂದ್ರಗಳಿಗೆ ಬಂದ ಮಕ್ಕಳು. ದಾರಿಯಲ್ಲೇ ಪ್ರಾಣ ಬಿಟ್ಟ ಮಗು ‘ಜ್ವರ ಬಂದು ಹೋಯಿತು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಸರಪಣಿಯ ಕೊಂಡಿಗಳು

ಮಗುವಿಗೆ ಗಂಭೀರ ಕಾಯಿಲೆ ಇದೆ ಎಂದು ಪತ್ತೆಯಾಗುವುದು ಆಸ್ಪತ್ರೆಯಲ್ಲಿ ಎಂದು ನಾವು ತಿಳಿಯುತ್ತೇವೆ. ಅದು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಬಚ್ಚಲುಮನೆಯಲ್ಲಿ, ಅಂಗಳದಲ್ಲಿ, ಶಾಲೆಯಲ್ಲಿ ಇರುತ್ತದೆ. ಎಣ್ಣೆ ಹಚ್ಚಿ ಮಗುವಿಗೆ ನೀರೆರೆಯುವಾಗ ತಾಯಿಯ ಕೈಗೆ ಹೊಟ್ಟೆಯ ಒಂದು ಮಗ್ಗುಲಲ್ಲಿ ಗಡ್ಡೆ ತಾಕುತ್ತದೆ. ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ ಪತ್ತೆಯಾಗುವುದು ಬಹುಪಾಲು ಹೀಗೆಯೇ. ಮದುವೆಮನೆಯಲ್ಲಿ ತೆಗೆದ ಫೋಟೊದಲ್ಲಿ ಮಗುವಿನ ಒಂದು ಕಣ್ಣು ಬೆಳ್ಳಗೆ ಹೊಳೆಯುತ್ತದೆ. ಅದು ರೆಟಿನೋಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಕ್ಯಾನ್ಸರ್ ಇರಬಹುದು. ಊರಿಗೆ ಬಂದ ಸೋದರತ್ತೆ ‘ಮಗು ಯಾಕೆ ಇಷ್ಟು ಬಿಳಿಚಿಕೊಂಡಿದೆ’ ಎಂದು ಕೇಳುತ್ತಾಳೆ. ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಗೋಚರಿಸುವುದಿಲ್ಲ. ಬಹು ದಿನಗಳ ಮೇಲೆ ನೋಡುವ ಕಣ್ಣಿಗೆ ತಟ್ಟನೆ ಕಾಣುತ್ತದೆ. ಲಾಕ್‌ಡೌನ್‌ನಲ್ಲಿ ಮನೆಗೆ ಬರುವ ನೆಂಟರೇ ಇರಲಿಲ್ಲ. ಮೈದಾನದಲ್ಲಿ ಓಡಲಾರದೆ ಕುಳಿತುಬಿಟ್ಟ ಹುಡುಗನನ್ನು ಗಮನಿಸುವ ದೈಹಿಕ ಶಿಕ್ಷಕರೂ ಇರಲಿಲ್ಲ, ಬೋರ್ಡಿನ ಮೇಲಿನ ಅಕ್ಷರ ಕಾಣದ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆಯುವ ಟೀಚರೂ ಇರಲಿಲ್ಲ.

ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಕುಳಿತದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಅಂಗನವಾಡಿಗಳ ಬಾಗಿಲು ತೆರೆದದ್ದು ನವೆಂಬರ್‌ನಲ್ಲಿ. ಈ ಹತ್ತೊಂಬತ್ತು-ಇಪ್ಪತ್ತು ತಿಂಗಳ ಕಾಲ ಕಲಿಕೆ ಹಿಂದುಳಿದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಶಾಲೆ ಮುಚ್ಚಿದ್ದರಿಂದ ತಪಾಸಣೆಯೂ ನಿಂತಿತು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆಯುಷ್ ವೈದ್ಯರನ್ನೊಳಗೊಂಡ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಭೇಟಿ ನೀಡಿ ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟು ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಹೀಗೆ ಮೂವತ್ತು ಬಗೆಯ ತೊಂದರೆಗಳನ್ನು ಹುಡುಕುವುದು ಅವರ ಕೆಲಸ. ಹೃದಯದಲ್ಲಿ ರಂಧ್ರವಿರುವ ಬಡವರ ಮಕ್ಕಳು ಬೆಂಗಳೂರು, ಮೈಸೂರಿನ ಹೃದ್ರೋಗ ಆಸ್ಪತ್ರೆಗಳ ಮೆಟ್ಟಿಲು ಹತ್ತುವುದು ಅನೇಕ ವೇಳೆ ಈ ತಂಡಗಳ ಚೀಟಿ ಹಿಡಿದೇ. ಮಕ್ಕಳೇ ಬಾರದ ಶಾಲೆಗೆ ತಂಡ ಹೋಗಿ ಮಾಡುವುದೇನು? ತಂಡದ ಸಿಬ್ಬಂದಿಯನ್ನು ಕೋವಿಡ್ ಕರ್ತವ್ಯಕ್ಕೆ ಹಚ್ಚಲಾಯಿತು.

ಹೃದಯದ ರಂಧ್ರಕ್ಕೆ ಕಾಲದ ಮಿತಿ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ದೊಡ್ಡ ರಂಧ್ರವನ್ನು ಎಳವೆಯಲ್ಲೇ ಮುಚ್ಚದಿದ್ದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಗಟ್ಟಿಯಾಗುತ್ತವೆ. ಒಂದು ಹಂತ ದಾಟಿದ ಮೇಲೆ ಎಂಥ ನಿಪುಣ ಶಸ್ತ್ರಚಿಕಿತ್ಸಕರೂ ರಂಧ್ರ ಮುಚ್ಚಲು ಒಪ್ಪುವುದಿಲ್ಲ. ಮುಚ್ಚಿದರೆ ಅಪಾಯವೇ ಹೆಚ್ಚು. ಎರಡು ವರ್ಷದ ವಿಳಂಬ ದೊಡ್ಡವರ ಲೆಕ್ಕದಲ್ಲಿ ಎರಡು ವರ್ಷ. ಇಂಥ ಮಗುವಿನ ಲೆಕ್ಕದಲ್ಲಿ ಅದು ಇಡೀ ಅವಕಾಶ.

ಆಶಾ ಕಾರ್ಯಕರ್ತೆಯರ ಪಾಡು ಇನ್ನೊಂದು ಕೊಂಡಿ. ಮನೆಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ವಿಚಾರಿಸಬೇಕಾದವರು ಮನೆಮನೆಗೆ ಹೋಗಿ ಜ್ವರ, ಕೆಮ್ಮು, ಊರಿಂದ ಊರಿಗೆ ಬಂದವರ ಪಟ್ಟಿ ಬರೆದರು. ಬಾಗಿಲು ತೆರೆದರೆ ಸೀಲ್‌ಡೌನ್ ಆದೀತು ಎಂದು ಹೆದರಿದ ಜನ ಅವರನ್ನು ಹೊಸಿಲಿನಾಚೆಯೇ ನಿಲ್ಲಿಸಿದ್ದೂ ಉಂಟು. ಗೌರವಧನ ಹೆಚ್ಚಳಕ್ಕೆ ಆಗ್ರಹಿಸಿ 2020ರ ಜುಲೈನಲ್ಲಿ ಅವರು ಮುಷ್ಕರ ಹೂಡಿದಾಗ ಇಡೀ ವ್ಯವಸ್ಥೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ನಗರವಾಸಿಗಳಿಗೂ ಅರಿವಾಯಿತು.

ದೂರವಾಣಿಯಲ್ಲಿ ವೈದ್ಯರ ಸಲಹೆ ಪಡೆಯಲು ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದೇ ಮಾರ್ಗಸೂಚಿ ಹೊರಡಿಸಿತು. ಹಳೆಯ ರೋಗಿಗಳ ಪಾಲಿಗೆ ಇದು ನಿಜಕ್ಕೂ ಉಪಕಾರವಾಯಿತು; ಇನ್ಸುಲಿನ್ ಪ್ರಮಾಣ ಹೊಂದಿಸಲು, ಮೂರ್ಛೆರೋಗದ ಮಾತ್ರೆ ಮುಂದುವರಿಸಲು ಫೋನು ಸಾಕು. ಆದರೆ ಫೋನಿನೊಳಗಿಂದ ಕೈ ಚಾಚಿ ಮಗುವಿನ ಹೊಟ್ಟೆ ಒತ್ತಿ ನೋಡಲಾಗದು. ಹೊಸ ಕಾಯಿಲೆಯ ಮಗುವಿಗೆ ಬೇಕಾದದ್ದು ಆ ಕೈ.

ಬೆಂಗಳೂರಿನ ದೂರ

ಕ್ಯಾನ್ಸರ್ ವಿಷಯದಲ್ಲಿ ದೇಶಕ್ಕೆ ಒಂದು ದೊಡ್ಡ ಲೆಕ್ಕ ದೊರೆತಿದೆ. ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ಗೆ ಸೇರಿದ 41 ಕೇಂದ್ರಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾಯಿತು. 2019ರ ಮಾರ್ಚ್‌ನಿಂದ ಮೇವರೆಗೆ ಈ ಕೇಂದ್ರಗಳಲ್ಲಿ 1,12,270 ಹೊಸ ರೋಗಿಗಳು ನೋಂದಣಿಯಾಗಿದ್ದರು. 2020ರ ಅದೇ ಮೂರು ತಿಂಗಳಲ್ಲಿ ಬಂದವರು 51,760. ಅಂದರೆ ಶೇ 54ರಷ್ಟು ಕುಸಿತ. ಇದು ಎಲ್ಲ ವಯಸ್ಸಿನವರ ಲೆಕ್ಕ. ದೊಡ್ಡ ನಗರಗಳ ಕೇಂದ್ರಗಳಲ್ಲೇ ಇಳಿಕೆ ಹೆಚ್ಚಾಗಿತ್ತು ಎಂಬ ಅಂಶ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಆ ಕೇಂದ್ರಗಳ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ನಿಂತು ನೋಡಿದವರಿಗೆ ಕಾರಣ ಸುಲಭವಾಗಿ ತಿಳಿಯುತ್ತದೆ. ಅಲ್ಲಿನ ಸರದಿಯಲ್ಲಿ ಇರುವವರು ಬಹುತೇಕ ಆ ನಗರದವರಲ್ಲ. ರಾತ್ರಿ ಬಸ್ಸು, ರೈಲು ಹತ್ತಿ, ಬುತ್ತಿ ಕಟ್ಟಿಕೊಂಡು ದೂರದ ಜಿಲ್ಲೆಗಳಿಂದ ಬಂದವರು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಅಂಗಳ ಇದಕ್ಕೆ ಹೊರತಲ್ಲ. 1973ರಲ್ಲಿ ಆರಂಭವಾದ ಈ ಸಂಸ್ಥೆಗೆ ಬೀದರ್‌ನಿಂದ ಚಾಮರಾಜನಗರದವರೆಗೆ, ನೆರೆಯ ಆಂಧ್ರ, ತಮಿಳುನಾಡಿನಿಂದಲೂ ಮಕ್ಕಳನ್ನು ಕರೆತರುತ್ತಾರೆ. ಮಕ್ಕಳ ಕ್ಯಾನ್ಸರ್‌ಗೆ ಪರಿಣತ ಚಿಕಿತ್ಸೆ ಸಿಗುವ ಜಾಗಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟಿದ್ದು, ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲೇ ಇವೆ. ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಕೂಲಿಕಾರ ದಂಪತಿಯ ಐದು ವರ್ಷದ ಮಗುವಿಗೆ ಎರಡು ವಾರ ಜ್ವರ ಬಿಡಲಿಲ್ಲ ಎಂದಿಟ್ಟುಕೊಳ್ಳಿ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಕಾಲುನೋವು. ಮಾಮೂಲಿ ದಿನಗಳಲ್ಲಿ ಊರಿನ ವೈದ್ಯರು ಎರಡು ಸಲ ಔಷಧಿ ಕೊಟ್ಟು, ಮೂರನೆಯ ಸಲ ರಕ್ತ ಪರೀಕ್ಷೆಗೆ ಬರೆದು, ಬಿಳಿ ರಕ್ತಕಣಗಳ ಎಣಿಕೆ ಕಂಡು ಗಾಬರಿಯಾಗಿ ‘ಬೆಂಗಳೂರಿಗೆ ಹೋಗಿ’ ಎನ್ನುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಊರಿನ ದವಾಖಾನೆ ಮುಚ್ಚಿತ್ತು. ಜ್ವರವೆಂದರೆ ಫೀವರ್ ಕ್ಲಿನಿಕ್‌ಗೆ ಹೋಗಬೇಕಿತ್ತು. ಅಲ್ಲಿ ಕೋವಿಡ್ ಇಲ್ಲವೆಂದು ತಿಳಿದರೆ ನಿಟ್ಟುಸಿರು ಬಿಟ್ಟು ಮನೆಗೆ ಕಳಿಸುವುದೇ ವಾಡಿಕೆಯಾಗಿತ್ತು. ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ಅದುವರೆಗೆ ಪಾಸು, ಬಾಡಿಗೆ ಕಾರು, ಸಾಲ. ಕೂಲಿ ನಿಂತ ಮನೆಯಲ್ಲಿ ಇವು ಮೂರೂ ಎಟುಕದ ಮಾತು.

ಕಾಸರಗೋಡಿನ ಉದಾಹರಣೆ ಇನ್ನೂ ಕಟುವಾದದ್ದು. ಆ ಜಿಲ್ಲೆಯ ಜನರಿಗೆ ಭಾಷೆ, ಬಳಗ, ಆಸ್ಪತ್ರೆ ಎಲ್ಲಕ್ಕೂ ಮಂಗಳೂರೇ ಹತ್ತಿರ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ತಲಪಾಡಿಯೂ ಸೇರಿದಂತೆ ಗಡಿ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸ್‌ಗಳು ಗಡಿಯಲ್ಲಿ ನಿಂತವು. ಪ್ರಕರಣ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಸೋಂಕು ತಡೆಯುವುದು ಸರ್ಕಾರದ ಕರ್ತವ್ಯವಾಗಿತ್ತು ನಿಜ. ಸೋಂಕಿನ ಭಯದಲ್ಲಿ ರೋಗಿ ಮತ್ತು ಪ್ರಯಾಣಿಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಆ ಕರ್ತವ್ಯದ ಭಾಗವಾಗಿರಲಿಲ್ಲ.

ಜಗತ್ತಿನ ಇತರೆಡೆಯೂ ಪರಿಸ್ಥಿತಿ ಒಂದೇ ಬಗೆಯದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 79 ದೇಶಗಳ 213 ಸಂಸ್ಥೆಗಳನ್ನು ಒಳಗೊಂಡ, 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 43ರಷ್ಟು ಸಂಸ್ಥೆಗಳು ನಿರೀಕ್ಷೆಗಿಂತ ಕಡಿಮೆ ಹೊಸ ಮಕ್ಕಳ ಕ್ಯಾನ್ಸರ್ ಪ್ರಕರಣಗಳನ್ನು ಕಂಡಿದ್ದವು. ಶೇ 34ರಷ್ಟು ಸಂಸ್ಥೆಗಳು ಅರ್ಧದಲ್ಲೇ ಚಿಕಿತ್ಸೆ ಕೈಬಿಟ್ಟವರ ಸಂಖ್ಯೆ ಏರಿದ್ದನ್ನು ಗಮನಿಸಿದ್ದವು. ಆದರೆ ಜರ್ಮನಿಯ ಮಕ್ಕಳ ಕ್ಯಾನ್ಸರ್ ದಾಖಲಾತಿಯಲ್ಲಿ 2020ರಲ್ಲಿ ಪತ್ತೆ ಪ್ರಮಾಣ ಹಿಂದಿನ ವರ್ಷಗಳಿಗಿಂತ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಿತು. ಮಧುಮೇಹದಲ್ಲಿ ಎಡವಿದ ಅದೇ ದೇಶ ಕ್ಯಾನ್ಸರ್‌ನಲ್ಲಿ ಎಡವಲಿಲ್ಲ. ದಿನಗಳಲ್ಲಿ ವಿಷಮಿಸುವ ಕಾಯಿಲೆಗೆ ಒಂದು ವಾರದ ಭಯವೇ ಸಾಕು. ವಾರ, ತಿಂಗಳುಗಳಲ್ಲಿ ಬೆಳೆಯುವ ಕಾಯಿಲೆಯಲ್ಲಿ ಭಯ ಇಳಿದ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ, ಆಸ್ಪತ್ರೆ ಹತ್ತಿರವಿದ್ದರೆ. ನಮ್ಮಲ್ಲಿ ಆ ‘ಇದ್ದರೆ’ ಎಂಬುದೇ ದೊಡ್ಡದು. ಮಕ್ಕಳ ಕ್ಯಾನ್ಸರ್‌ನಲ್ಲಿ ಶ್ರೀಮಂತ ದೇಶಗಳಲ್ಲಿ ಶೇ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ ಶೇ 30ನ್ನೂ ಮುಟ್ಟುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡವಾದ ಪತ್ತೆ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಾಂಕ್ರಾಮಿಕ ಬರುವ ಮೊದಲೂ ಈ ಅಂತರವಿತ್ತು.

ಕ್ಷಯದ ಯಂತ್ರಕ್ಕೆ ಕೋವಿಡ್ ಕೆಲಸ

ಲೆಕ್ಕ ಸ್ಪಷ್ಟವಾಗಿ ಸಿಗುವ ಕಾಯಿಲೆ ಕ್ಷಯ. 2012ರಿಂದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ಪ್ರಕರಣಗಳು ವರದಿಯಾಗಿದ್ದವು. 2020ರಲ್ಲಿ ಅದು ಸುಮಾರು 18 ಲಕ್ಷಕ್ಕೆ ಇಳಿಯಿತು. ಕ್ಷಯವೇ ಕಡಿಮೆಯಾಯಿತೆಂದು ಯಾರೂ ಸಂತೋಷಪಡಲಿಲ್ಲ. ಆ ಆರು ಲಕ್ಷ ಜನ ಮನೆಯಲ್ಲೇ ಕೆಮ್ಮುತ್ತಿದ್ದರು. ಜಗತ್ತಿನ ಮಟ್ಟದಲ್ಲಿ ಕ್ಷಯ ಪತ್ತೆ ಶೇ 18ರಷ್ಟು ಕುಸಿದರೆ, ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಕುಸಿತ ಸುಮಾರು ಶೇ 24ರಷ್ಟಿತ್ತು.

ಮಕ್ಕಳಲ್ಲೇ ಕುಸಿತ ಹೆಚ್ಚಿದ್ದಕ್ಕೆ ಕಾರಣ ಇಲ್ಲದಿಲ್ಲ. ಚಿಕ್ಕ ಮಗು ಕಫ ಉಗುಳುವುದಿಲ್ಲ, ನುಂಗುತ್ತದೆ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನಳಿಕೆ ಇಳಿಸಿ ಜಠರದ ದ್ರವ ತೆಗೆದು ಪರೀಕ್ಷಿಸಬೇಕು. ಅದಕ್ಕೆ ಆಸ್ಪತ್ರೆ, ನುರಿತ ಸಿಬ್ಬಂದಿ ಬೇಕು. ಸೋಂಕು ಹರಡುವ ಭಯವಿದ್ದ ದಿನಗಳಲ್ಲಿ ಯಾರೂ ಸುಲಭವಾಗಿ ಕೈಹಾಕುವ ಕೆಲಸವಲ್ಲ. ಇದಕ್ಕಿಂತ ಮುಖ್ಯವಾಗಿ, ಮಕ್ಕಳ ಕ್ಷಯಕ್ಕೆ ದಾರಿ ತೋರಿಸುವುದು ದೊಡ್ಡವರ ಕ್ಷಯ. ಮನೆಯ ಅಜ್ಜನಿಗೋ ತಂದೆಗೋ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಆರೋಗ್ಯ ಕಾರ್ಯಕರ್ತರು ಆ ಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಿ, ಕಾಯಿಲೆ ಇಲ್ಲದಿದ್ದರೆ ತಡೆ ಮಾತ್ರೆ ಕೊಡುತ್ತಾರೆ. ಅಜ್ಜನೇ ಪತ್ತೆಯಾಗದಿದ್ದರೆ ಮೊಮ್ಮಗು ಯಾರ ಪಟ್ಟಿಗೆ ಸೇರಬೇಕು? ಅಷ್ಟು ಸಾಲದೆಂಬಂತೆ ಇಬ್ಬರೂ ಹಗಲಿರುಳು ಒಂದೇ ಕೋಣೆಯಲ್ಲಿ ಬಂದಿಯಾಗಿದ್ದ ಕಾಲ ಅದು.

ಕ್ಷಯ ಪತ್ತೆಗಾಗಿ ಜಿಲ್ಲೆ, ತಾಲ್ಲೂಕುಗಳಿಗೆ ಕೊಟ್ಟಿದ್ದ ಟ್ರೂನ್ಯಾಟ್, ಸಿಬಿನ್ಯಾಟ್ ಯಂತ್ರಗಳನ್ನು ಕೋವಿಡ್ ಪರೀಕ್ಷೆಗೆ ಬಳಸಲಾಯಿತು. ಪ್ರಯೋಗಾಲಯ ತಂತ್ರಜ್ಞರೂ ಅತ್ತ ಹೋದರು. ತುರ್ತಿನಲ್ಲಿ ಇರುವ ಸಲಕರಣೆಯನ್ನು ಬಳಸುವುದು ತಪ್ಪೆನ್ನಲಾಗದು. ಕ್ಷಯದ ಮಾದರಿಗಳಿಗೆ ಬದಲಿ ವ್ಯವಸ್ಥೆ ಏನು ಎಂಬ ಪ್ರಶ್ನೆ ಅದೇ ದಿನ ಏಳಬೇಕಿತ್ತು. ಎರಡು ವರ್ಷದ ಕೂಸಿನಲ್ಲಿ ಕ್ಷಯ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಮಿದುಳಿನ ಪೊರೆಗೂ ಹರಡಬಲ್ಲುದು. ಆರಂಭದಲ್ಲಿ ಅದು ಬರೀ ಜ್ವರ, ಮಂಕು, ಕಿರಿಕಿರಿ. ಆ ಹಂತದಲ್ಲಿ ಚಿಕಿತ್ಸೆ ಆರಂಭಿಸಿದರೆ ಮಗು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಪ್ರಜ್ಞೆ ತಪ್ಪಿದ ಮೇಲೆ ಬಂದರೆ ಬದುಕುಳಿದರೂ ಕಿವಿ, ಕಣ್ಣು, ಬುದ್ಧಿ, ನಡಿಗೆ ಯಾವುದಕ್ಕಾದರೂ ಊನ ಉಳಿಯಬಹುದು. ದೇಶದ ಕ್ಷಯ ಪತ್ತೆ ಸಂಖ್ಯೆ 2022ರ ಹೊತ್ತಿಗೆ ಮತ್ತೆ 24 ಲಕ್ಷ ಮುಟ್ಟಿತು. ನಕ್ಷೆಯ ಗೆರೆ ನೇರವಾಯಿತು.

ಜ್ವರವೆಂದರೆ ಕೋವಿಡ್ ಎಂಬ ಮನಃಸ್ಥಿತಿ ಕೂಡ ಪ್ರತ್ಯೇಕ ವಿಳಂಬವನ್ನು ಸೃಷ್ಟಿಸಿತು. ಡೆಂಗಿ ಇರಲಿ, ಸಿಡಿಯಲಿರುವ ಕರುಳುಬಾಲವಿರಲಿ, ಮೊದಲು ಕೋವಿಡ್ ವರದಿ ಬರಬೇಕು, ಆಮೇಲೆ ದಾಖಲು ಎಂಬ ಪರಿಪಾಠ ಅನೇಕ ಕಡೆ ನಡೆಯಿತು. ವರದಿಗಾಗಿ ಕಾಯಿಸಿ ಚಿಕಿತ್ಸೆ ನಿರಾಕರಿಸಬಾರದು ಎಂದು ಸರ್ಕಾರ ಆಸ್ಪತ್ರೆಗಳಿಗೆ ತಾಕೀತು ಮಾಡಬೇಕಾಯಿತು. ಬೆಂಗಳೂರಿನ ವಿಕ್ಟೋರಿಯಾ, ಮಂಗಳೂರಿನ ವೆನ್ಲಾಕ್‌ನಂಥ ಬಡವರ ಆಸ್ಪತ್ರೆಗಳು ಕೋವಿಡ್‌ಗೆ ಮೀಸಲಾದಾಗ ಉಳಿದ ರೋಗಿಗಳು ಎಲ್ಲಿಗೆ ಹೋಗಬೇಕೆಂಬುದು ದಿನದಿನದ ಗೊಂದಲವಾಗಿತ್ತು. ಇನ್ನು ಸೋಂಕಿನ ಕೆಲವು ವಾರಗಳ ನಂತರ ಮಕ್ಕಳಲ್ಲಿ ಕಾಣಿಸಿಕೊಂಡ, ಹಲವು ಅಂಗಗಳನ್ನು ಬಾಧಿಸುವ ಉರಿಯೂತದ ಕಾಯಿಲೆ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ಮೊದಲು ಗುರುತಿಸಿದರು. ಕೋವಿಡ್ ಪರೀಕ್ಷೆ ನೆಗೆಟಿವ್ ಬಂದೂ ಮಗು ಕೋವಿಡ್‌ನ ಪರಿಣಾಮದಿಂದಲೇ ನರಳುತ್ತಿರಬಹುದು ಎಂಬ ವಿಪರ್ಯಾಸಕ್ಕೆ ಅದು ಉದಾಹರಣೆಯಾಯಿತು.

ಹಾಸಿಗೆ ಬಂತು, ಕಣ್ಣು?

2021ರ ಮಧ್ಯದಲ್ಲಿ ಮೂರನೆಯ ಅಲೆ ಮಕ್ಕಳನ್ನೇ ಬಲಿ ತೆಗೆದುಕೊಳ್ಳುತ್ತದೆ ಎಂಬ ಭೀತಿ ರಾಜ್ಯವನ್ನು ಆವರಿಸಿತು. ಡಾ. ದೇವಿಪ್ರಸಾದ್ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ ರಚನೆಯಾಯಿತು. ಮಕ್ಕಳ ಹಾಸಿಗೆ, ಮಕ್ಕಳ ತೀವ್ರ ನಿಗಾ ಘಟಕಗಳ ಹೆಚ್ಚಳಕ್ಕೆ ಶಿಫಾರಸು ಬಂತು. 2022ರ ಜನವರಿಯಲ್ಲಿ ಬಂದ ಓಮೈಕ್ರಾನ್ ಅಲೆ ಮಕ್ಕಳ ಮೇಲೆ ಭಾವಿಸಿದಷ್ಟು ಘೋರವಾಗಿ ಎರಗಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಹಾಸಿಗೆ ಹೆಚ್ಚುವುದು ಎಂದಿದ್ದರೂ ಒಳ್ಳೆಯದೇ. ಆದರೆ ಆ ಎರಡು ವರ್ಷ ಮಕ್ಕಳಿಗೆ ಹೆಚ್ಚು ಕೊರತೆಯಾದದ್ದು ಹಾಸಿಗೆಯದಲ್ಲ, ಹಾಸಿಗೆಯವರೆಗೆ ಕರೆತರುವ ದಾರಿಯದು. ಆ ದಾರಿಗೆ ಹಾಸಿಗೆಗೆ ಸಿಕ್ಕಷ್ಟು ಅನುದಾನವಾಗಲಿ, ಸುದ್ದಿ ಜಾಗವಾಗಲಿ ದೊರೆಯಲಿಲ್ಲ. ಉದ್ಘಾಟನೆಗೆ ಟೇಪು ಕತ್ತರಿಸಲು ಹಾಸಿಗೆ ಅನುಕೂಲ, ಆಶಾ ಕಾರ್ಯಕರ್ತೆಯ ಭೇಟಿಗೆ ಟೇಪು ಕಟ್ಟಲಾಗದು.

ದಾರಿ ಹೇಗಿರಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರುವ ಅಪಾಯವಿದೆ. ಹುಟ್ಟಿದ 30 ದಿನಗಳೊಳಗೆ ಕಣ್ಣು ಪರೀಕ್ಷಿಸಬೇಕು. ತೀವ್ರ ಹಂತ ಕಂಡರೆ ಎರಡು ಮೂರು ದಿನಗಳಲ್ಲಿ ಲೇಸರ್ ಚಿಕಿತ್ಸೆ ಆಗಬೇಕು. ಇಂಥ ಕೂಸನ್ನು ಹೊತ್ತು ಬಾಣಂತಿ ಬೆಂಗಳೂರಿಗೆ ಬರುವುದು ಆಗದ ಮಾತೆಂದು ಅರಿತು, ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆ ಆರಂಭಿಸಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಅಕ್ಷಿಪಟಲದ ಚಿತ್ರ ಇಂಟರ್‌ನೆಟ್ ಮೂಲಕ ಬೆಂಗಳೂರಿನ ತಜ್ಞರಿಗೆ ತಲುಪುತ್ತದೆ. ದೂರಚಿಕಿತ್ಸೆಯಲ್ಲಿ ಇದು ಬೇರೆಯೇ ಜಾತಿ: ಇಲ್ಲಿ ಪರದೆಯ ಈಚೆ ತಜ್ಞರಿದ್ದರೆ, ಆಚೆ ಮಗುವಿನ ಪಕ್ಕದಲ್ಲಿ ಕೈಪಳಗಿದ ಒಬ್ಬರು ನಿಂತಿರುತ್ತಾರೆ. ಮಗು ಯಂತ್ರದ ಬಳಿಗೆ ಹೋಗುವುದಿಲ್ಲ, ಯಂತ್ರವೇ ಮಗುವಿನ ಬಳಿಗೆ ಬರುತ್ತದೆ. ಹೃದಯದ ಎಕೋ ಪರೀಕ್ಷೆಗೆ, ಕ್ಷಯದ ಮಾದರಿ ಸಂಗ್ರಹಕ್ಕೆ ಇದೇ ಕ್ರಮವನ್ನು ಹೊಂದಿಸಲಾಗದು ಎನ್ನಲು ಬಲವಾದ ಕಾರಣ ಕಾಣುವುದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಕೋವಿಡ್ ಜಾಗತಿಕ ಆರೋಗ್ಯ ತುರ್ತುಸ್ಥಿತಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಮುಂದಿನ ಸಾಂಕ್ರಾಮಿಕ ಯಾವಾಗ, ಯಾವ ರೂಪದಲ್ಲಿ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಆಗ ಯಾವುದನ್ನು ಮುಚ್ಚಬಾರದು ಎಂಬ ಪಟ್ಟಿಯನ್ನು ಇಂದೇ ಬರೆದಿಡಬಹುದು. ಹಾಲು, ತರಕಾರಿ, ಔಷಧಿ ಅಂಗಡಿಯಂತೆ ಅಂಗನವಾಡಿಯ ತೂಕದ ತಕ್ಕಡಿಯೂ ಅಗತ್ಯ ಸೇವೆ ಎಂದು ಆದೇಶದಲ್ಲಿ ಸೇರಬಹುದು. ಬಾಲ ಸ್ವಾಸ್ಥ್ಯ ತಂಡದ ಸಿಬ್ಬಂದಿಯಲ್ಲಿ ಇಂತಿಷ್ಟು ಮಂದಿಯನ್ನು ಬೇರೆ ಕೆಲಸಕ್ಕೆ ಕಳಿಸುವಂತಿಲ್ಲ ಎಂದು ನಿಗದಿ ಮಾಡಬಹುದು. ಬೆಂಗಳೂರು ನಗರದಲ್ಲಿ 1982ರಿಂದಲೂ ಜನಸಂಖ್ಯಾಧಾರಿತ ಕ್ಯಾನ್ಸರ್ ದಾಖಲಾತಿ ನಡೆಯುತ್ತಿದೆ. ಯಾದಗಿರಿಯ ಮಗುವಿನ ಕ್ಯಾನ್ಸರ್ ಅದರ ವ್ಯಾಪ್ತಿಯಾಚೆ. ಟೈಪ್ 1 ಮಧುಮೇಹದ ಮಕ್ಕಳ ಪಟ್ಟಿ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿದ್ದರೆ ಅವರಿಗೆ ಇನ್ಸುಲಿನ್ ತಲುಪಿಸುವುದಕ್ಕೂ ಅನುಕೂಲ, ಯಾವ ತಿಂಗಳಲ್ಲಿ ಪತ್ತೆ ನಿಂತಿತು ಎಂದು ತಿಳಿಯುವುದಕ್ಕೂ ಅನುಕೂಲ.

ಇಟಲಿಯ ಪಾರ್ಮಾ ಪ್ರಾಂತದಲ್ಲಿ 1991ರಲ್ಲಿ ವೈದ್ಯರು ಶಾಲೆಗಳ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿದರು. ಅತಿಯಾದ ಬಾಯಾರಿಕೆ, ಹೊಸದಾಗಿ ಹಾಸಿಗೆ ಒದ್ದೆ ಮಾಡುವುದು ಮಧುಮೇಹದ ಸೂಚನೆಯಾಗಿರಬಹುದು ಎಂಬುದೇ ಅದರ ಸಾರ. ಸ್ಥಳೀಯ ಮಕ್ಕಳ ವೈದ್ಯರಿಗೆ ರಕ್ತ, ಮೂತ್ರದ ಸಕ್ಕರೆ ಅಳೆಯುವ ಸಾಧನ ಕೊಟ್ಟರು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಶೇ 78ರಷ್ಟು ಮಕ್ಕಳು ಕೀಟೋಅಸಿಡೋಸಿಸ್ ಹಂತದಲ್ಲಿ ಪತ್ತೆಯಾಗುತ್ತಿದ್ದರೆ, ನಂತರದ ವರ್ಷಗಳಲ್ಲಿ ಆ ಪ್ರಮಾಣ ಶೇ 12.5ಕ್ಕೆ ಇಳಿಯಿತು. ಪಾರ್ಮಾದವರಿಗೆ ತಗಲಿದ್ದು ಕಾಗದ, ಅಂಟು ಮತ್ತು ಕೆಲವು ಪಟ್ಟಿಗಳ ಖರ್ಚು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗ್ಲುಕೋಮೀಟರ್ ಈಗಾಗಲೇ ಇದೆ, ಮೂವತ್ತು ದಾಟಿದವರ ಬೆರಳಿಗೆ ಅದನ್ನು ದಿನವೂ ಚುಚ್ಚಲಾಗುತ್ತಿದೆ. ವಾಂತಿ, ಏದುಸಿರು ಎಂದು ಬಂದ ಮಗುವಿನ ಬೆರಳಿಗೂ ಅದನ್ನೊಮ್ಮೆ ಚುಚ್ಚಬೇಕೆಂಬ ಸುತ್ತೋಲೆಗೆ ಒಂದು ಹಾಳೆ ಸಾಕಾಗುತ್ತದೆ.